ಗುರಿ ತಪ್ಪಿದರೆ ಕೈಯನ್ನೇ ಏಕೆ ಬೈಯಬೇಕು?

ಗುರಿ ತಪ್ಪಿದ ಮಕ್ಕಳಿಗೆ ಹಿರಿಯರು ಹೇಳುವ ಮಾತು ಒಂದೇ: ಮನಸ್ಸಿಟ್ಟು ನೋಡು. ಮನಸ್ಸಿಟ್ಟರೂ ಕಣ್ಣೇ ಕೈಕೊಟ್ಟರೆ ಆ ಮಕ್ಕಳು ಮಾಡುವುದೇನು?

1963ರಲ್ಲಿಯೇ ಸೈನಿಕ ಶಾಲೆ ಆರಂಭವಾದ ವಿಜಯಪುರಕ್ಕೆ ಎನ್‌ಸಿಸಿ, ರೈಫಲ್‌ಗಳು ಹೊಸವಲ್ಲ. ತಿಕೋಟಾದ ದ್ರಾಕ್ಷಿ ತೋಟದ ಮನೆಯ ಹುಡುಗಿಯೊಬ್ಬಳು ಶೂಟಿಂಗ್ ಕಲಿಯುತ್ತಿದ್ದಾಳೆ ಎಂದುಕೊಳ್ಳಿ. 'ಅಪ್ಪಾ, ಚುಕ್ಕಿಗೆ ನೆರಳ ಬಿದ್ದಂಗ ಕಾಣ್ತೈತಿ' ಎನ್ನುತ್ತಾಳೆ. 'ಮೊಬೈಲ್ ನೋಡೂದು ಕಡಿಮಿ ಮಾಡವಾ' ಎನ್ನುತ್ತಾನೆ ಅಪ್ಪ. ತಪ್ಪು ಮೊಬೈಲಿನದೇ ಆಗಿರಬೇಕಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ ಚೆಂಡಿನಂತೆ ಎಲ್ಲ ಕಡೆ ಒಂದೇ ಸಮ ದುಂಡಗಿರದೆ ಒಂದು ದಿಕ್ಕಿಗೆ ಹೆಚ್ಚು ಬಾಗಿದ್ದರೆ ಹೀಗಾಗುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ. ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುವುದು ಇದರ ನಂಬರನ್ನು; ಆಕ್ಸಿಸ್ ಎಂಬುದು ಅದರ ದಿಕ್ಕನ್ನು.

10 ಮೀಟರ್ ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕಿಯ ಅಗಲ ಕೇವಲ ಅರ್ಧ ಮಿಲಿಮೀಟರ್. ಕೆನ್ನೆಯನ್ನು ರೈಫಲ್‌ಗೆ ಒತ್ತಿ ಗುರಿ ಹಿಡಿದಾಗ ದಿನಬಳಕೆಯ ಚಷ್ಮಾದ ನಡುಭಾಗದಿಂದ ನೋಡಲಾಗುವುದಿಲ್ಲ, ಮೂಲೆಯಿಂದ ನೋಡಬೇಕಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಜೊತೆಗೇ ಚಲಿಸುವುದರಿಂದ ಆ ತೊಡಕಿಲ್ಲ.

ಆದರೆ ಸಿಲಿಂಡರ್ ನಂಬರ್ ಇದ್ದವರಿಗೆ ಬೇಕಾದ ಟೋರಿಕ್ ಲೆನ್ಸ್‌ಗೆ ತನ್ನದೇ ದಿಕ್ಕು ಇದೆ. ಅದು ಕಣ್ಣಿನಲ್ಲಿ 10 ಡಿಗ್ರಿ ತಿರುಗಿದರೆ ಸುಮಾರು ಮೂರನೇ ಒಂದು ಪಾಲು ಪ್ರಯೋಜನ ಹೋಗುತ್ತದೆ. 30 ಡಿಗ್ರಿ ತಿರುಗಿದರೆ ಪೂರ್ತಿ ಹೋಗುತ್ತದೆ. ಆದ್ದರಿಂದ ಬ್ರ್ಯಾಂಡ್, ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಈ ಲೆನ್ಸ್ ಈ ಕಣ್ಣಿನಲ್ಲಿ ನಿಲ್ಲುತ್ತದೆಯೇ? ಪ್ರಯೋಗದ ಲೆನ್ಸ್ ಹಾಕಿಸಿಕೊಂಡು ಶೂಟಿಂಗ್ ಅಭ್ಯಾಸಕ್ಕೇ ಹೋಗಿ ನೋಡಬೇಕು. ಗುರಿಯನ್ನೇ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಲೆನ್ಸ್ ಒಣಗುತ್ತದೆ, ನೋಟ ಮಂಕಾಗುತ್ತದೆ. ಆಸ್ಪತ್ರೆಯ ಕುರ್ಚಿಯಲ್ಲಿ ಇದು ಗೊತ್ತಾಗದು. ಸಿಲಿಂಡರ್ ತೀರ ಕಡಿಮೆಯಿದ್ದರೆ ಸಾದಾ ಲೆನ್ಸೇ ಸಾಕಾದೀತು. ಹೆಚ್ಚಿದ್ದರೆ ಗಟ್ಟಿ ಲೆನ್ಸ್ ಒಳ್ಳೆಯದಿರಬಹುದು. ತೀರ್ಮಾನ ವೈದ್ಯರದು.

ಬಬಲೇಶ್ವರ, ತಿಕೋಟಾದಂಥ ಒಣಹವೆಯ ಊರುಗಳಲ್ಲಿ ಧೂಳು ಇನ್ನೊಂದು ಚಿಂತೆ. ತೋಟಕ್ಕೆ ಔಷಧಿ ಹೊಡೆಯುವಾಗ ಲೆನ್ಸ್ ಬೇಡ. ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದು, ಹಾಕಿಕೊಂಡು ಮಲಗಬಾರದು. ಸೋಂಕು ತಗುಲಿದರೆ ದೃಷ್ಟಿಗೇ ಕುತ್ತು. ಕಣ್ಣುಜ್ಜುವ ಮಕ್ಕಳ ಸಿಲಿಂಡರ್ ಬೇಗ ಬೇಗ ಏರುತ್ತಿದ್ದರೆ ಕಾರ್ನಿಯಾ ಪರೀಕ್ಷೆ ತಡಮಾಡಬಾರದು. ಲೆನ್ಸ್ ಕಣ್ಣಿಗೆ ಕವಚವೂ ಅಲ್ಲ. ಶೂಟಿಂಗ್‌ನಲ್ಲಿ ರಕ್ಷಣೆಯ ಕನ್ನಡಕ ಬೇಕೇ ಬೇಕು.

ಲೆನ್ಸ್ ಒಗ್ಗದಿದ್ದರೆ ಮಕ್ಕಳು ನಿರಾಶರಾಗಬೇಕಿಲ್ಲ. ನೋಟಕ್ಕೆ ನೇರವಾಗಿ ಗಾಜನ್ನು ಹೊಂದಿಸುವ ಶೂಟಿಂಗ್ ಕನ್ನಡಕಗಳಿವೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಸ್ಪೇನ್‌ನ ಸ್ಪರ್ಧೆಯ ಹೊತ್ತಿಗೆ ಮುಖಕ್ಕೆ ಲಕ್ವ ಹೊಡೆದಿತ್ತು. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಏರ್ ಪಿಸ್ತೂಲಿನಲ್ಲಿ ಅವರು ಬೆಳ್ಳಿ ಗೆದ್ದರು. ಅವರ ತೊಂದರೆ ಬೇರೆ, ಆದರೂ ಧೈರ್ಯಕ್ಕೆ ಆ ಉದಾಹರಣೆ ಸಾಕು.

ಏಕಾಗ್ರತೆಯ ಉಪದೇಶ ಆಮೇಲಾಗಲಿ. ಮೊದಲು ಕಣ್ಣಿನ ಪರೀಕ್ಷೆ ಆಗಲಿ.