ಹೊರೆ ಎಳೆದ ಹೆಗಲು

ಉಗಿಬಂಡಿ ಬರುವುದಕ್ಕೆ ಮೊದಲು ನೆಲದ ಮೇಲೆ ಸಾಗುವ ಭಾರಕ್ಕೆಲ್ಲ ಪ್ರಾಣಿಗಳ ಹೆಗಲೇ ಆಧಾರವಾಗಿತ್ತು. ಇಂಗ್ಲೆಂಡಿನ ಡರ್ಬಿ ಪ್ರಾಂತದ ಲಿಟ್ಲ್ ಈಟನ್ ಎಂಬಲ್ಲಿಗೆ 1795ರಲ್ಲಿ ಕಬ್ಬಿಣದ ಹಳಿಗಳನ್ನು ಹಾಸಿ, ಗಣಿಗಳ ಕಲ್ಲಿದ್ದಲನ್ನು ಕುದುರೆಗಳಿಂದ ಕಾಲುವೆಯ ದಡಕ್ಕೆ ಎಳೆಸಿದರು. ಮಣ್ಣಿನ ದಾರಿಯಲ್ಲಿ ಒಂದು ಬಂಡಿಗೇ ಏದುವ ಕುದುರೆ, ಹಳಿಯ ಮೇಲೆ ತಡೆ ಕಡಿಮೆಯಾದ್ದರಿಂದ ಹಲವು ಬಂಡಿಗಳನ್ನು ಎಳೆಯಬಲ್ಲುದು.

ಅದೇ ಕಾಲದಲ್ಲಿ ಮೈಸೂರು ಸೀಮೆಗೆ ಅಂತಹ ಹಳಿಯ ಅನುಕೂಲವಿರಲಿಲ್ಲ, ಇಲ್ಲಿದ್ದುದು ಎತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ‘ಅಮೃತಮಹಲ್’ ಎನಿಸಿತು. ಹೆಸರಿನಲ್ಲಿ ಹಾಲು ಬೆಣ್ಣೆಗಳ ಕಂಪಿದ್ದರೂ ಆ ತಳಿಗೆ ಕೀರ್ತಿ ತಂದುದು ಅದರ ವೇಗ ಮತ್ತು ದಣಿವರಿಯದ ಶಕ್ತಿ. ದಂಡಿನ ಫಿರಂಗಿಗಳನ್ನೂ ಸರಂಜಾಮುಗಳನ್ನೂ ಎಳೆದದ್ದು ಈ ಎತ್ತುಗಳೇ. ಅವು ಮೇಯಲೆಂದು ಮಳೆಗಾಲ, ಚಳಿಗಾಲ, ಬೇಸಗೆಗಳಿಗೆ ಬೇರೆಬೇರೆ ಕಾವಲುಗಳನ್ನು ಮೀಸಲಿರಿಸಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. 1813ರಲ್ಲಿ ಕಂಪನಿ ಸರ್ಕಾರವು ಈ ಹಿಂಡುಗಳ ಆಡಳಿತವನ್ನು ತಾನೇ ವಹಿಸಿಕೊಂಡಿತು. ಲಕ್ಷ್ಮಣತೀರ್ಥದ ದಡದ ಹುಣಸೂರು ಅಮೃತಮಹಲ್ ಇಲಾಖೆಯ ಮುಖ್ಯಸ್ಥಾನವಾಗಿ ಬೆಳೆಯಿತು. ದಕ್ಷಿಣಕ್ಕೆ ಹೆಗ್ಗಡದೇವನಕೋಟೆಯ ತೇಗ, ಹೊನ್ನೆ, ಮತ್ತಿಗಳ ಕಾಡು. ಪಶ್ಚಿಮಕ್ಕೆ ಪಿರಿಯಾಪಟ್ಟಣದ ಮೇಲೆ ಕೊಡಗಿಗೆ ಸಾಗುವ ಹೆದ್ದಾರಿ. ದಂಡಿನ ಅಗತ್ಯಕ್ಕಾಗಿ ಊರಿನಲ್ಲಿ ಚರ್ಮ ಹದಮಾಡುವ ಮತ್ತು ಕಂಬಳಿ ನೇಯುವ ಕಾರ್ಖಾನೆಗಳೂ ಮರದ ಡಿಪೋವೂ ತಲೆಯೆತ್ತಿದವು. ಸುತ್ತಣ ಕುಶಲಕರ್ಮಿಗಳ ಕೈ ಅಲ್ಲಿ ಪಳಗಿತು.

ಆದರೆ 1860ರಲ್ಲಿ, ಖರ್ಚು ಉಳಿಸಬೇಕೆಂದು ಸರ್ಕಾರವು ಹಿಂಡುಗಳನ್ನು ಮಾರಿಬಿಟ್ಟಿತು. ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿ ಹಲವರ ಪಾಲಾಗಿ ಚದುರಿತು. ಒಂದು ವರ್ಷದ ಲೆಕ್ಕಕ್ಕೆ ಅದು ಉಳಿತಾಯವಾಗಿ ಕಂಡಿರಬಹುದು. ನೂರು ವರ್ಷಗಳ ಲೆಕ್ಕಕ್ಕೆ ಅದು ನಷ್ಟವೇ ಸರಿ. 1866ರಲ್ಲಿ ಹಿಂಡುಗಳನ್ನು ಮತ್ತೆ ಕಟ್ಟುವ ಕಾರ್ಯಕ್ಕೆ ಕೈಹಚ್ಚಬೇಕಾಯಿತು. 1882ರಲ್ಲಿ ಅವು ಮೈಸೂರು ಸಂಸ್ಥಾನಕ್ಕೆ ಮರಳಿದವು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಆ ತಳಿಯನ್ನು ಇಂದಿಗೂ ಕಾಪಾಡಿಕೊಂಡು ಬರಲಾಗುತ್ತಿದೆ.

ಮುಂದೆ ಮೈಸೂರಿನಿಂದ ಹೊರಟ ರೈಲುಹಾದಿ ಇಂದಿನ ಕೃಷ್ಣರಾಜನಗರದ ಮೂಲಕ ಹಾಸನದತ್ತ ಸಾಗಿತು. ಹುಣಸೂರು ರಸ್ತೆಯ ಊರಾಗಿಯೇ ಉಳಿಯಿತು. ಲಿಟ್ಲ್ ಈಟನ್ನಿನ ಕುದುರೆಹಾದಿ 1908ರಲ್ಲಿ ನಿಂತುಹೋಯಿತು. ಹುಣಸೂರಿನ ಸರ್ಕಾರಿ ಕಾರ್ಖಾನೆಗಳು ಅದಕ್ಕೂ ಬಹಳ ಮೊದಲೇ, 1864ರ ಹೊತ್ತಿಗೆ, ಮುಚ್ಚಿದ್ದವು. ಆದರೂ ಅಲ್ಲಿನ ಜನ ಚರ್ಮದ ಕೆಲಸವನ್ನಾಗಲಿ, ಕಂಬಳಿ ನೇಯುವುದನ್ನಾಗಲಿ, ಗಾಡಿ ಕಟ್ಟುವುದನ್ನಾಗಲಿ ಕೂಡಲೇ ಮರೆಯಲಿಲ್ಲ; ಆ ಕಸುಬುಗಳಿಗಾಗಿ ಊರು ಮುಂದೆಯೂ ಹೆಸರಾಗಿತ್ತು. ಒಂದು ಆಜ್ಞೆಯಿಂದ ಕಾರ್ಖಾನೆಯ ಬಾಗಿಲನ್ನು ಮುಚ್ಚಬಹುದು. ಜನರ ಕೈಗೆ ಒಮ್ಮೆ ಹತ್ತಿದ ವಿದ್ಯೆಯನ್ನು ಅಷ್ಟು ಸುಲಭವಾಗಿ ಕಸಿಯಲಾಗದು.