ಕುಂಕುಮ ಹಚ್ಚಿಸಿಕೊಂಡ ಪೆಟ್ಟಿಗೆ

ಕಲಬುರಗಿಯ ನೆಹರು ಗಂಜ್‌ನಲ್ಲಿ ದೀಪಾವಳಿಯ ಲಕ್ಷ್ಮೀಪೂಜೆ ಎಂದರೆ ಲೆಕ್ಕದ ಪುಸ್ತಕಗಳ ಪೂಜೆಯೂ ಹೌದು. ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ, ತಕ್ಕಡಿಗೆ ಹೂವು, ತಿಜೋರಿಗೆ ಊದುಬತ್ತಿ. ಅಲ್ಲಿನ ಒಂದು ಅಡತ ಅಂಗಡಿಯಲ್ಲಿ ಪೂಜೆಯ ತಟ್ಟೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗೋಡೆಯ ಮೂಲೆಯ ಕಲ್ಲಿನ ಕಟ್ಟೆಯ ಮೇಲೆ ಕುಳಿತಿರುವ ಒಂದು ಕಪ್ಪು ಪೆಟ್ಟಿಗೆಗೂ ಕುಂಕುಮದ ಬೊಟ್ಟು ಸಲ್ಲುತ್ತದೆ. ಆ ಪೆಟ್ಟಿಗೆಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಎದುರಿಗೆ ಎರಡು ಹಸಿರು ದೀಪ, ಒಳಗೆ ಹಗಲಿರುಳು ಗುಂಯ್‌ಗುಡುವ ಫ್ಯಾನು. ಅಂಗಡಿಯವರು ಅದನ್ನು ‘ಸರ್ವರ್’ ಎನ್ನುತ್ತಾರೆ. ಮಾಲೀಕರ ವಯಸ್ಸಾದ ತಾಯಿಯ ಬಾಯಲ್ಲಿ ಮಾತ್ರ ಅದು ‘ಮೂಕ ಗುಮಾಸ್ತ’.

‘ಗಾಳಿ ಆಡೋ ತೂತಿನ್ಯಾಗ ಕುಂಕುಮ ಬೀಳದ್ಹಂಗ ಹಚ್ರೀ’ ಎಂದು ಪ್ರತಿ ವರ್ಷ ಎಚ್ಚರಿಸುವವನು ಒಬ್ಬ ಯುವಕ. ಆ ಪೆಟ್ಟಿಗೆಯನ್ನು ತಂದಿಟ್ಟವನೂ ಅವನೇ, ನೋಡಿಕೊಳ್ಳುವವನೂ ಅವನೇ. ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ. ಕೆಂಪು ಬಾಳೆಹಣ್ಣಿಗೆ ಹೆಸರಾದ, ಆ ಹಣ್ಣಿನಿಂದಲೇ ಭೌಗೋಳಿಕ ಗುರುತು ಪಡೆದ ಊರು. ಅವನ ತಂದೆ ಅದೇ ಅಂಗಡಿಯಲ್ಲಿ 30 ವರ್ಷ ಗುಮಾಸ್ತರಾಗಿದ್ದವರು. ಗುಂಡಗಿನ ಅಕ್ಷರ, ಒಂದು ಪೈಸೆಯೂ ತಪ್ಪದ ಲೆಕ್ಕ.

ಮಗ ಡಿಪ್ಲೊಮಾ ಮುಗಿಸಿದಾಗ ಮನೆಯಲ್ಲಿ ಎಲ್ಲರಿಗೂ ಇದ್ದ ಕನಸು ಬೆಂಗಳೂರು. ಜೊತೆಗೆ ಓದಿದವರು ಒಬ್ಬೊಬ್ಬರೇ ರೈಲು ಹತ್ತಿದರು. ಇವನು ಗಂಜ್‌ನ ನಾಲ್ಕಾರು ಅಂಗಡಿಗಳ ಕಂಪ್ಯೂಟರು ನೋಡಿಕೊಳ್ಳುತ್ತ ಇಲ್ಲೇ ಉಳಿದ. ಮದುವೆ ಮನೆಗಳಲ್ಲಿ ನೆಂಟರು ‘ಮಗ ಯಾವ ಕಂಪನಿ?’ ಎಂದು ಕೇಳಿದರೆ ತಾಯಿಗೆ ಉತ್ತರ ಹೊಳೆಯುತ್ತಿರಲಿಲ್ಲ. ‘ಅಂಗಡಿ ಮಷಿನ್ ರಿಪೇರಿ ಮಾಡ್ತಾನ’ ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಅಂಗಡಿ ಲೆಕ್ಕಕ್ಕೂ ಅಪ್ಪ ಮಕ್ಕಳ ಕಥೆಗೂ ಕರ್ನಾಟಕದಲ್ಲಿ ಹಳೆಯ ನಂಟಿದೆ. 1986ರಲ್ಲಿ ಬೆಂಗಳೂರಿನಲ್ಲಿ ವ್ಯಾಪಾರಿ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವಹಿವಾಟಿಗೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗಲಿಲ್ಲ. ‘ನೀನೇ ಬರೆದುಕೊಡು’ ಎಂದು ಮಗ ಭರತ್ ಗೋಯೆಂಕಾ ಅವರಿಗೆ ಹೇಳಿದರು. ಆ ಮನೆಯ ಅಗತ್ಯದಿಂದ ಹುಟ್ಟಿದ್ದೇ ‘ಟ್ಯಾಲಿ’. 2020ರಲ್ಲಿ ಭರತ್ ಅವರಿಗೆ ಪದ್ಮಶ್ರೀ ಬಂತು. ಅಪ್ಪನ ಅಂಗಡಿಯ ತೊಂದರೆಯೂ ಮಗನಿಗೆ ಒಂದು ವಿದ್ಯೆಯಾಗಬಹುದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಸರ್ವರ್ ಎಂದೊಡನೆ ಗಾಜಿನ ಕೋಣೆ, ಸಾಲು ಸಾಲು ಕಪಾಟುಗಳು ಕಣ್ಣಿಗೆ ಬರುತ್ತವೆ. ಅಷ್ಟು ದೂರ ಹೋಗಬೇಕಿಲ್ಲ. ಪಂಕ್ತಿಯಲ್ಲಿ ಬಡಿಸುವವನಂತೆ, ಕೇಳಿದವರಿಗೆ ಕೇಳಿದ್ದನ್ನು ಕೊಡುವ ಕಂಪ್ಯೂಟರೇ ಸರ್ವರ್. ಈ ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರುಗಳಿವೆ. ಒಂದು ತೂಕದ ಕಟ್ಟೆಯ ಬಳಿ, ಒಂದು ರೈತರಿಗೆ ಪಟ್ಟಿ ಬರೆದುಕೊಡುವಲ್ಲಿ, ಒಂದು ಖರೀದಿದಾರರ ಬಿಲ್ಲಿಗೆ, ಒಂದು ಮಾಲೀಕರ ಮೇಜಿನ ಮೇಲೆ. ನಾಲ್ಕೂ ಕಡೆ ಬೇರೆ ಬೇರೆ ಲೆಕ್ಕ ಕುಳಿತರೆ ಸಂಜೆಗೆ ಜಗಳ. ಲೆಕ್ಕವೆಲ್ಲ ಒಂದೇ ಕಡೆ ಇದ್ದು, ನಾಲ್ಕೂ ಮೇಜಿನವರು ಅದನ್ನೇ ನೋಡಿದರೆ ಜಗಳವಿಲ್ಲ.

ಪೆಟ್ಟಿಗೆ ತರುವುದು ಸುಲಭ, ಅದನ್ನು ಕಲಬುರಗಿಯಲ್ಲಿ ಬದುಕಿಸುವುದು ಕಷ್ಟ. ಬಹಳಷ್ಟು ಸರ್ವರ್‌ಗಳ ಕೈಪಿಡಿ ಸುತ್ತಲಿನ ಗಾಳಿ 35 ಡಿಗ್ರಿ ದಾಟಬಾರದು ಎನ್ನುತ್ತದೆ. ಕಲಬುರಗಿಯ ಏಪ್ರಿಲ್, ಮೇ ತಿಂಗಳುಗಳು 40 ದಾಟಿ ನಗುತ್ತವೆ. ಅದರ ಮೇಲೆ ಕಾಳಿನ ದೂಳು. ಅದು ಫ್ಯಾನಿನ ರೆಕ್ಕೆಗೆ ಮೆತ್ತಿಕೊಂಡರೆ ಗಾಳಿ ಆಡದು. ಗಾಳಿ ಆಡದಿದ್ದರೆ ಒಳಗಿನ ಬಿಸಿ ಹೊರಗೆ ಹೋಗದು. ಅದಕ್ಕೇ ಪೆಟ್ಟಿಗೆ ನೆಲ ಬಿಟ್ಟು ಎರಡು ಅಡಿ ಮೇಲೆ ಕುಳಿತಿದೆ. ತಿಂಗಳಿಗೊಮ್ಮೆ ಅದನ್ನು ಆರಿಸಿ, ಹೊರಗೊಯ್ದು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ದೂಳು ಊದಿ ತೆಗೆಯುತ್ತಾನೆ.

ಬಿಸಿಲು ದೂಳಿಗೆ ಯಂತ್ರವನ್ನು ಒಗ್ಗಿಸುವ ಯೋಚನೆ ಹೊಸದಲ್ಲ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ 128 ಲೈನುಗಳ ಟೆಲಿಫೋನ್ ವಿನಿಮಯ ಕೇಂದ್ರ ಹವಾನಿಯಂತ್ರಣವಿಲ್ಲದೆಯೇ ನಡೆಯುವಂಥದು. 1986ರಲ್ಲಿ ಅದು ಮೊದಲು ಕಾಲಿಟ್ಟದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿಗೆ. ಊರನ್ನು ಯಂತ್ರಕ್ಕೆ ಹೊಂದಿಸಲಾಗದಿದ್ದರೆ ಯಂತ್ರವನ್ನು ಊರಿಗೆ ಹೊಂದಿಸಬೇಕು.

ಕರೆಂಟಿನ ಕಥೆ ಬೇರೆ. ಸರ್ವರ್ ತಟ್ಟನೆ ಆರಿದರೆ ಅರ್ಧ ಬರೆದ ಲೆಕ್ಕ ಕೆಡಬಹುದು. ಅದಕ್ಕೆ ಯುಪಿಎಸ್. ಶಾಲೆಯ ಭೌತಶಾಸ್ತ್ರ ಇಲ್ಲಿ ಅನ್ನಕ್ಕೆ ಬರುತ್ತದೆ. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳಲ್ಲಿ ಕಾಗದದ ಮೇಲೆ 168 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಸರ್ವರ್ 100 ವ್ಯಾಟ್ ಎಳೆದರೆ ಸುಮಾರು ಒಂದೂಮುಕ್ಕಾಲು ಗಂಟೆ ಬರಬೇಕಲ್ಲ? ಬರುವುದಿಲ್ಲ. ಬ್ಯಾಟರಿ ವೇಗವಾಗಿ ಬರಿದಾಗುವಾಗಿನ ನಷ್ಟ, ವಿದ್ಯುತ್ತು ರೂಪ ಬದಲಿಸುವಾಗಿನ ನಷ್ಟ ಕಳೆದರೆ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ. ಅದೂ ಬ್ಯಾಟರಿ ಹೊಸದಿದ್ದಾಗ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಬಿಸಿ ಏರಿದಂತೆ ಇಂಥ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಅವನು ಅಂಗಡಿ ಮುಚ್ಚಿದ ಮೇಲೆ ಪ್ಲಗ್ಗು ಕಿತ್ತು, ಕೈಗಡಿಯಾರ ಹಿಡಿದು ಕೂರುತ್ತಾನೆ. ಎಷ್ಟು ನಿಮಿಷ ತಡೆಯಿತು ಎಂದು ಗೋಡೆಯ ಮೇಲಿನ ಚೀಟಿಯಲ್ಲಿ ಬರೆಯುತ್ತಾನೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಕೊಡದಿಂದ ನೀರು ಹಾಕುವುದೂ ಅವನ ಕೆಲಸವೇ. ಗುಂಡಿ ಒಣಗಿದರೆ ಅರ್ಥಿಂಗ್ ಹೆಸರಿಗೆ ಮಾತ್ರ.

ಇಷ್ಟೆಲ್ಲ ಮಾಡಿದವನೂ ಒಮ್ಮೆ ಎಡವಿದ.

ಅದು 2017. ಆ ವರ್ಷ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನ ಉದ್ದಗಲಕ್ಕೂ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಅದು ನುಗ್ಗಿದ ಕಿಂಡಿ ವಿಂಡೋಸ್‌ನಲ್ಲಿ ಕಡತ ಹಂಚಿಕೊಳ್ಳುವ ಹಳೆಯ ವ್ಯವಸ್ಥೆಯಲ್ಲಿತ್ತು. ಕಿಂಡಿ ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಬಿಡುಗಡೆ ಮಾಡಿತ್ತು. ‘ಚಲೋ ನಡದದ, ಯಾಕ ಮುಟ್ಟಬೇಕು?’ ಎಂದು ತೇಪೆ ಹಾಕದೆ ಬಿಟ್ಟವರು ಸಿಕ್ಕಿಬಿದ್ದರು. ಗಂಜ್‌ನ ಈ ಅಂಗಡಿಯಲ್ಲೂ ಅದೇ ಮಾತು ನಡೆದಿತ್ತು. ಸುದ್ದಿ ಕೇಳಿದ ಮೇಲೆ ಮಾಲೀಕರೇ ಅವಸರಪಟ್ಟರು. ಜುಲೈ 1ರಿಂದ ಜಿಎಸ್‌ಟಿ ಬರುವುದಿತ್ತು. ಲೆಕ್ಕದ ತಂತ್ರಾಂಶವನ್ನೂ ಬದಲಿಸಬೇಕಿತ್ತು. ಎರಡೂ ಒಟ್ಟಿಗೇ ಆಗಲಿ ಎಂದು ಜೂನ್ ಕೊನೆಯಲ್ಲಿ ಹೊಸ ಸರ್ವರ್ ಬಂತು.

ಅದರಲ್ಲಿ ಜೋಡಿ ಡಿಸ್ಕುಗಳು. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಇದರ ಮೇಲೆ ರಾತ್ರಿ 11 ಗಂಟೆಗೆ ಹೊರಗಿನ ಒಂದು ಡಿಸ್ಕಿಗೆ ನಕಲು ಹೋಗುತ್ತಿತ್ತು. ಪ್ರತಿ ಬೆಳಿಗ್ಗೆ ‘ನಕಲು ಯಶಸ್ವಿ’ ಎಂಬ ಹಸಿರು ಸಾಲು. ಇನ್ನೇನು ಬೇಕು?

ದೀಪಾವಳಿಗೆ ವಾರವಿರುವಾಗ, ಪಟ್ಟಿ ಬರೆಯುವ ಮೇಜಿನಲ್ಲಿ ಕುಳಿತ ಹೊಸ ಹುಡುಗ ‘ಹಳೇದು ಇರಬೇಕು’ ಎಂದುಕೊಂಡು ಒಂದು ಫೋಲ್ಡರನ್ನು ಅಳಿಸಿದ. ಅದು ಹಳೆಯದಾಗಿರಲಿಲ್ಲ. ತನ್ನ ಕಂಪ್ಯೂಟರಿನಲ್ಲಿ ಅಳಿಸಿದ್ದು ಕಸದ ಬುಟ್ಟಿಗಾದರೂ ಬೀಳುತ್ತದೆ. ಜಾಲದ ಮೂಲಕ ಸರ್ವರ್‌ನಲ್ಲಿ ಅಳಿಸಿದ್ದು ಹಾಗೆ ಬೀಳುವುದಿಲ್ಲ. ಜೋಡಿ ಡಿಸ್ಕುಗಳೆಂದರೆ ಒಂದೇ ಕಿರ್ದಿಯನ್ನು ಬರೆಯುವ ಇಬ್ಬರು ಗುಮಾಸ್ತರಿದ್ದಂತೆ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಕೆಲಸ ಮುಂದುವರಿಸುತ್ತಾನೆ. ಆದರೆ ‘ಅಳಿಸು’ ಎಂದರೆ ಇಬ್ಬರೂ ಒಟ್ಟಿಗೇ ಅಳಿಸುತ್ತಾರೆ. ಹಾಗೇ ಆಯಿತು.

ಯುವಕ ಗಾಬರಿಯಾಗಲಿಲ್ಲ. ಹೊರಗಿನ ಡಿಸ್ಕು ತಂದು ಜೋಡಿಸಿದ. ತೆರೆದು ನೋಡಿದಾಗ ಕೈ ತಣ್ಣಗಾಯಿತು. ಅದರಲ್ಲಿದ್ದ ಕೊನೆಯ ಲೆಕ್ಕ ಜೂನ್ 30ರದು. ಹೊಸ ತಂತ್ರಾಂಶಕ್ಕೆಂದು ಲೆಕ್ಕವನ್ನು ಹೊಸ ಫೋಲ್ಡರಿಗೆ ಸಾಗಿಸಿದವನು ಅವನೇ. ನಕಲು ಮಾಡುವ ಪ್ರೋಗ್ರಾಮಿಗೆ ಆ ಹೊಸ ವಿಳಾಸ ಹೇಳಲು ಮರೆತವನೂ ಅವನೇ. ಅದು ಯಾರೂ ಮುಟ್ಟದ ಹಳೆಯ ಫೋಲ್ಡರನ್ನು ಮೂರೂವರೆ ತಿಂಗಳು ನಿಷ್ಠೆಯಿಂದ ನಕಲು ಮಾಡಿ, ಪ್ರತಿದಿನ ‘ಯಶಸ್ವಿ’ ಎಂದು ಹೇಳಿತ್ತು. ಸುಳ್ಳನ್ನೇನೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಮಲಾಪುರದ ಕಡೆಯ ರೈತರೊಬ್ಬರು ಬಂದರು. ಹೆಸರು, ಉದ್ದು ಮಾರಿದ ಹಣದಲ್ಲಿ ಸ್ವಲ್ಪ ಅಂಗಡಿಯಲ್ಲೇ ಬಿಟ್ಟಿದ್ದರು. ಹಬ್ಬಕ್ಕೆ ಬೇಕಾಗಿತ್ತು. ಪರದೆಯ ಮೇಲೆ ಅವರ ಹೆಸರಿಗೆ ಏನೂ ಇರಲಿಲ್ಲ. ‘ಮಷಿನ್ಯಾಗ ಇಲ್ಲ ಅಂದ್ರ ನನ್ನ ರೊಕ್ಕ ಇಲ್ಲೇನು?’ ಎಂದು ಅವರು ಮೆಲ್ಲಗೆ ಕೇಳಿದರು. ಯಾರೂ ಮಾತಾಡಲಿಲ್ಲ.

ಆಗ ಮೂಲೆಯಲ್ಲಿ ಕುಳಿತಿದ್ದ ಯುವಕನ ತಂದೆ ಎದ್ದರು. ಕಂಪ್ಯೂಟರು ಬಂದ ಮೇಲೂ ಅವರು ದಿನದ ವಹಿವಾಟನ್ನು ಒಂದು ಉದ್ದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ‘ಅಪ್ಪಾ, ಎರಡೆರಡು ಸಲ ಯಾಕ ಬರೀತಿ?’ ಎಂದು ಮಗನೇ ಎಷ್ಟೋ ಸಲ ನಕ್ಕಿದ್ದ. ತಂದೆ ಹಾಳೆ ತಿರುವಿ, ರೈತನ ಕಿಸೆಯಲ್ಲಿದ್ದ ಪಟ್ಟಿಯನ್ನು ಪಕ್ಕದಲ್ಲಿಟ್ಟು, ಬೆರಳಿಟ್ಟು ತೋರಿಸಿದರು. ಎರಡೂ ತಾಳೆಯಾದವು. ಮಾಲೀಕರು ಹಣ ಎಣಿಸಿಕೊಟ್ಟರು.

ಅಂದಿನಿಂದ ಐದು ರಾತ್ರಿ ಅಪ್ಪ ಮಗ ಅಂಗಡಿಯಲ್ಲೇ ಉಳಿದರು. ಅಪ್ಪ ಓದುವುದು, ಮಗ ಒತ್ತುವುದು. ಮೂರೂವರೆ ತಿಂಗಳ ಲೆಕ್ಕ ಲಕ್ಷ್ಮೀಪೂಜೆಯ ಹಿಂದಿನ ರಾತ್ರಿ ಮತ್ತೆ ಪೆಟ್ಟಿಗೆಯೊಳಗೆ ಸೇರಿತು. ತಂದೆ ಒಂದು ಮಾತೂ ಬೈಯಲಿಲ್ಲ. ಕೊನೆಯ ಹಾಳೆ ಮುಗಿದಾಗ ಇಷ್ಟೇ ಹೇಳಿದರು: ‘ಬರದಿಟ್ರ ಸಾಲದು, ಒಮ್ಮೊಮ್ಮಿ ತಗದು ಓದಬೇಕು.’

ದೊಡ್ಡ ಪುಸ್ತಕಗಳಲ್ಲಿರುವ ಪಾಠವೂ ಅದೇ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ‘3-2-1’ ಎಂಬ ಸೂತ್ರವಿದೆ: ಮುಖ್ಯ ಮಾಹಿತಿ ಮೂರು ಪ್ರತಿಗಳಲ್ಲಿರಲಿ, ಎರಡು ಬಗೆಯ ಸಾಧನಗಳ ಮೇಲಿರಲಿ, ಒಂದು ಪ್ರತಿ ಬೇರೆ ಜಾಗದಲ್ಲಿರಲಿ. ಬೇರೆ ಜಾಗ ಯಾಕೆಂದು ಕಲಬುರಗಿ ಜಿಲ್ಲೆಗೆ ಹೇಳಬೇಕಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ನೀರು ಯಾವ ಮನೆಯ ಕಪಾಟನ್ನೂ ಕೇಳಿ ಒಳಗೆ ಬರಲಿಲ್ಲ.

ಯುವಕ ಈ ಸೂತ್ರಕ್ಕೆ ತಂದೆಯ ಮಾತನ್ನೂ ಸೇರಿಸಿಕೊಂಡ. ಮೇಜುಗಳಿಂದ ಫೋಲ್ಡರು ಅಳಿಸುವ ಅಧಿಕಾರ ತೆಗೆದ. ಶನಿವಾರ ಸಂಜೆ ಒಂದು ಡಿಸ್ಕು, ಬೀಗದ ಗುಪ್ತಪದದೊಂದಿಗೆ, ಅವನ ಚೀಲದಲ್ಲಿ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತದೆ. ತಿಂಗಳ ಮೊದಲ ಭಾನುವಾರ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಆ ನಕಲನ್ನು ತೆರೆಯುತ್ತಾನೆ. ಈಗ ನಿವೃತ್ತರಾಗಿರುವ ತಂದೆ ಪಕ್ಕದಲ್ಲಿ ಕುಳಿತು, ಅಂಗಡಿಯಿಂದ ಬಂದ ಪಟ್ಟಿಗಳಲ್ಲಿ ತಮಗೆ ತೋಚಿದ ಐದು ರೈತರ ಹೆಸರು ಹೇಳುತ್ತಾರೆ. ಐದೂ ತಾಳೆಯಾದರೆ ಮಾತ್ರ ಅದು ನಕಲು. ಯಂತ್ರದ ತೇಪೆಗಳೂ ಈಗ ತಡವಾಗುವುದಿಲ್ಲ. ಮೊದಲು ನಕಲು, ನಂತರ ತೇಪೆ, ಆಮೇಲೆ ನಾಲ್ಕೂ ಮೇಜಿನಲ್ಲಿ ಪರೀಕ್ಷೆ. ಅದೂ ಅಂಗಡಿ ಮುಚ್ಚಿದ ಮೇಲೆ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ನಿಂತಾಗ, ಈ ಅಂಗಡಿಯ ಮೇಜುಗಳು ಅದಕ್ಕೂ ಮೊದಲೇ ಬದಲಾಗಿದ್ದವು.

ಲೆಕ್ಕ ಯಾರದೋ ಅವರಿಗೆ ಕಾಣಬೇಕು ಎನ್ನುವುದನ್ನು ಕರ್ನಾಟಕ ದೊಡ್ಡ ಪ್ರಮಾಣದಲ್ಲಿ ಕಂಡದ್ದು ‘ಭೂಮಿ’ ಯೋಜನೆಯಲ್ಲಿ. 2000ದ ಆಸುಪಾಸಿನಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆ ಕೇಂದ್ರಗಳಲ್ಲಿ ಎರಡು ಪರದೆಗಳಿದ್ದವು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ. ಕಮಲಾಪುರ ಆಗ ತಾಲ್ಲೂಕಾಗಿರಲಿಲ್ಲ, ಆದದ್ದು 2018ರಲ್ಲಿ. ಈ ಕಥೆ ಕೇಳಿದ ಮಾಲೀಕರು ಪಟ್ಟಿ ಬರೆಯುವ ಮೇಜಿಗೂ ಒಂದು ಎರಡನೆಯ ಪರದೆ ತರಿಸಿದರು. ಅದು ಕಟ್ಟೆಯ ಈಚೆಗೆ, ರೈತರ ಮುಖಕ್ಕೆ ತಿರುಗಿದೆ.

ಕಳೆದ ಬಾರಿ ಮದುವೆಯೊಂದರಲ್ಲಿ ಯಾರೋ ಮತ್ತೆ ಕೇಳಿದರಂತೆ, ‘ಮಗ ಯಾವ ಕಂಪನಿ?’ ತಾಯಿ ಈ ಸಲ ಮಾತು ಬದಲಿಸಲಿಲ್ಲ. ‘ಗಂಜ್‌ನ್ಯಾಗ ಏಳು ಅಂಗಡಿ ಲೆಕ್ಕ ಕಾಯ್ತಾನ’ ಎಂದರು.

ದೀಪಾವಳಿಯ ತಟ್ಟೆಯಲ್ಲಿ ಈಗ ಪೆಟ್ಟಿಗೆಯ ಪಕ್ಕ ಆ ಉದ್ದ ಪುಸ್ತಕವೂ ಇರುತ್ತದೆ. ಎರಡಕ್ಕೂ ಒಂದೊಂದು ಬೊಟ್ಟು.