ಮಾಳಿಗೆಯ ಮೇಲಿನ ಅವರೆ

ಕೆಂಪಾಪುರವು ಒಂದಾನೊಂದು ಕಾಲದಲ್ಲಿ ಹಳ್ಳಿಯಾಗಿತ್ತೆಂದು ಹೇಳಿದರೆ ಅಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ಈಗಿನ ಮಕ್ಕಳು ನಂಬಲಾರರು. ಒಂದು ಪಕ್ಕಕ್ಕೆ ಹೆಬ್ಬಾಳದ ಕೆರೆ, ಇನ್ನೊಂದು ಪಕ್ಕಕ್ಕೆ ಹಗಲಿರುಳೂ ಮೊರೆಯುವ ಹೊರವರ್ತುಲ ರಸ್ತೆ, ನಾಗವಾರದ ಕಡೆಗೆ ಕಣ್ಣು ಹಾಯಿಸಿದರೆ ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳು. ಇವುಗಳ ನಡುವೆ ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನಗಳಲ್ಲಿ ಒಂದರ ಹೆಗಲಿಗೆ ಇನ್ನೊಂದು ಹೆಗಲು ಕೊಟ್ಟು ನಿಂತ ಮನೆಗಳು. ಹಿತ್ತಲು ಎಂಬ ಮಾತಿಗೆ ಇಲ್ಲಿ ಅರ್ಥವೇ ಉಳಿದಿಲ್ಲ. ಹಿತ್ತಲಿರಬೇಕಾದ ಸ್ಥಳದಲ್ಲಿ ನೆರೆಮನೆಯವರ ಸ್ನಾನದ ಕೋಣೆಯ ಗೋಡೆಯಿದೆ. ಆದುದರಿಂದ ಕೈತೋಟವೆಂಬುದು ನೆಲವನ್ನು ತ್ಯಜಿಸಿ ಮೆಟ್ಟಿಲು ಹತ್ತಿ ಮಾಳಿಗೆಯನ್ನು ಸೇರಿಕೊಂಡಿದೆ.

ಇಂಥ ಒಂದು ಮನೆಯ ಹಿರಿಯಾಕೆ ದೇವನಹಳ್ಳಿಯ ಕಡೆಯವರು. ವಿಮಾನ ನಿಲ್ದಾಣವು 2008ರಲ್ಲಿ ಆರಂಭವಾದ ಮೇಲೆ ಆ ಸೀಮೆಯ ಹೊಲಗಳಿಗೆ ಬಂದ ಗತಿಯನ್ನು ವಿವರಿಸಬೇಕಾಗಿಲ್ಲ. ಆಕೆಯ ತವರಿನ ಎರಡೆಕರೆಯೂ ಕಲ್ಲುಕಂಬ ನೆಡಿಸಿಕೊಂಡು ನಿವೇಶನಗಳಾಯಿತು. ಮಾರಾಟದ ದಿನ ಅಣ್ಣತಮ್ಮಂದಿರು ಹಣದ ಲೆಕ್ಕದಲ್ಲಿದ್ದಾಗ ಆಕೆ ಹಳೆಯ ಮನೆಯ ಅಟ್ಟ ಹತ್ತಿ, ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟಿದ್ದ ಅವರೆಯ ಬಿತ್ತನೆಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ತವರಿನಿಂದ ಹೆಣ್ಣುಮಕ್ಕಳು ಮಡಿಲು ತುಂಬಿಸಿಕೊಂಡು ಬರುವುದು ವಾಡಿಕೆ; ಆಕೆಯ ಪಾಲಿಗೆ ಬಂದ ಕೊನೆಯ ಮಡಿಲಕ್ಕಿ ಅದು.

ಮಗನ ಮನೆಯ ಮಾಳಿಗೆಯಲ್ಲಿ ತೋಟವೆದ್ದ ಬಗೆಯನ್ನು ಕಂಡವರು ನಕ್ಕದ್ದುಂಟು. ಬಣ್ಣದ ಡಬ್ಬಿ, ಹಿಡಿ ಮುರಿದ ಬಕೆಟ್ಟು, ಮೊಮ್ಮಗನು ಶಿಶುವಾಗಿದ್ದಾಗ ಮಿಂದ ಪ್ಲಾಸ್ಟಿಕ್ ತೊಟ್ಟಿ ಯಾವುದನ್ನೂ ಆಕೆ ಗುಜರಿಯವನಿಗೆ ಕೊಡಲಿಲ್ಲ. ಬುಡಕ್ಕೆ ತೂತು ಕೊರೆದು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿಸಿದರು. ಸೊಸೆಗೆ ಮಾತ್ರ ಒಂದು ಭಯ. ಆಕೆ ಎಂಜಿನಿಯರಿಂಗ್ ಓದಿ ಮಾನ್ಯತಾದಲ್ಲಿ ಕೆಲಸ ಮಾಡುವವಳು. ಒಂದು ಘನ ಅಡಿ ಹಸಿಮಣ್ಣು ಹತ್ತಿರ ಹತ್ತಿರ 50 ಕಿಲೋ ತೂಗುತ್ತದೆಂದು ಲೆಕ್ಕ ಹಾಕಿ ತೋರಿಸಿದಳು. ಆ ಲೆಕ್ಕ ಸರಿಯಾದುದೇ. ಮಾಳಿಗೆಯ ನಡುವೆ ಭಾರ ಹೇರದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆಗೆ ದೊಡ್ಡ ಕುಂಡಗಳನ್ನಿಟ್ಟು, ಪ್ರತಿಯೊಂದರ ಅಡಿಗೂ ಇಟ್ಟಿಗೆ ಕೊಟ್ಟು ನೀರು ನಿಲ್ಲದಂತೆ ಮಾಡುವವರ ಮನೆಯ ಸೂರು ಸೋರುವುದಿಲ್ಲ. ತೋಟದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಕುಂಡವನ್ನು ನೆಲಕ್ಕೆ ಅಂಟಿಸಿಟ್ಟ ಸೋಮಾರಿತನದಿಂದ ಹುಟ್ಟಿದವು.

ಸೊಪ್ಪಿನಿಂದ ಆರಂಭ. ಮೆಂತ್ಯ, ಕೊತ್ತಂಬರಿ, ದಂಟು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕಾ ಸುಗುಣ’ ಎಂಬ ದಂಟಿನ ತಳಿಯನ್ನು ಬಿತ್ತಿದರೆ ಒಂದು ತಿಂಗಳೊಳಗೆ ಮೊದಲ ಕೊಯ್ಲು. ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಮೆಟ್ಟಿಲ ಬಾಗಿಲ ಬಳಿ ದೊಡ್ಡಪತ್ರೆ, ಒಂದೆಲಗ, ಪುದೀನ. ಮೊಮ್ಮಗನಿಗೆ ಕೆಮ್ಮು ಬಂದ ರಾತ್ರಿ ಕತ್ತಲೆಯಲ್ಲಿಯೂ ಕೈಗೆ ಸಿಗುವಂತೆ. ದೇವರ ಪೂಜೆಗೆ ದಾಸವಾಳ, ಮುಡಿಗೆ ಕನಕಾಂಬರ, ಸೊಸೆಯ ಇಷ್ಟಕ್ಕೆ ನಾಲ್ಕು ಗುಲಾಬಿ. ಬೆಂಗಳೂರಿನಲ್ಲಿ ಮಾಳಿಗೆಯ ತೋಟವನ್ನು ಒಂದು ವಿದ್ಯೆಯೆಂಬಂತೆ ಜನರಿಗೆ ಕಲಿಸಿಕೊಟ್ಟವರು ಡಾ. ಬಿ. ಎನ್. ವಿಶ್ವನಾಥ್. ಅವರ ಬಳಗದವರು 2011ರಿಂದ ನಡೆಸಿದ ‘ಊಟ ಫ್ರಂ ಯುವರ್ ತೋಟ’ ಸಂತೆಗಳಿಗೆ ಹೋಗಿಬಂದವರು ಈ ಬಡಾವಣೆಗಳಲ್ಲಿ ಅನೇಕರಿದ್ದಾರೆ. ಕೆಂಪಾಪುರದ ಹಿರಿಯಾಕೆ ಅಲ್ಲಿಗೆ ಹೋದವರಲ್ಲ. “ಬಕೀಟಲ್ಲಿ ಬದನೆ ಬೆಳೆಯೋಕೆ ಪಾಠ ಬೇಕೇನಮ್ಮ?” ಎಂದು ಸೊಸೆಯನ್ನು ಕೇಳಿದ್ದರಂತೆ. ಆದರೆ ಸೊಸೆ ತಂದುಕೊಟ್ಟ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಸಿ ಹೇನಿಗೆ ಸಿಂಪಡಿಸುವುದನ್ನು ಮಾತ್ರ ಮಾತಿಲ್ಲದೆ ಕಲಿತರು.

ಇವೆಲ್ಲವೂ ಆಕೆಗೆ ಪರಿವಾರ ದೇವತೆಗಳು, ಮೂಲದೇವರು ಅವರೆ. ಗಾರೆಗೋಡೆಯ ಉದ್ದಕ್ಕೂ ಐದು ಡ್ರಮ್ಮುಗಳಲ್ಲಿ ಆಷಾಢದ ಮಳೆಗೆ ಬೀಜ ಹಾಕಿ, ಬಿದಿರಿನ ಚಪ್ಪರಕ್ಕೆ ಬಳ್ಳಿ ಹಬ್ಬಿಸುವರು. ಬೆಂಗಳೂರಿನವರಿಗೂ ಅವರೆಗೂ ಇರುವ ನಂಟು ಹಳೆಯದು. ಹಸಿದು ಬಂದ ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂದೂ, ಅದರಿಂದ ಬೆಂದಕಾಳೂರು ಆಯಿತೆಂದೂ ಕಥೆಯುಂಟು. ಹೊಯ್ಸಳರಿಗಿಂತ ಮುಂಚಿನ, ಒಂಬತ್ತನೆಯ ಶತಮಾನದ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರೆಂಬ ಹೆಸರಿರುವುದರಿಂದ ಈ ಕಥೆ ಇತಿಹಾಸದ ಕಟಕಟೆಯಲ್ಲಿ ನಿಲ್ಲಲಾರದು. ಆದರೂ ಆ ಕಾಳು ಅವರೆಯೇ ಆಗಿದ್ದಿರಬೇಕೆಂದು ಈ ಸೀಮೆಯವರು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದಾರೆ. ಅವರೊಡನೆ ವಾದಿಸುವುದು ವ್ಯರ್ಥ. ಪುಷ್ಯಮಾಸದ ಚಳಿ, ಇಬ್ಬನಿ ಕುಡಿದ ಕಾಯಿ, ಸಿಪ್ಪೆಯ ಮೇಲಿನ ನವುರಾದ ರೋಮಗಳಿಂದ ಒಸರಿ ಬೆರಳಿಗೆ ಅಂಟುವ ಜಿಡ್ಡು, ಅದರ ಘಮಲು: ಇದಕ್ಕೆ ಕನ್ನಡದಲ್ಲಿ ಸೊಗಡು ಎಂಬ ಒಂದೇ ಮಾತಿದೆ. ಭಾಷೆಗೂ ಮಣ್ಣಿಗೂ ನಾವು ಹೇಳುವ ಸೊಗಡು ಈ ಕಾಯಿಯ ಬಳಿ ಬಂದಾಗ ಕೈಗೆ ಮೆತ್ತಿಕೊಳ್ಳುವ ವಸ್ತುವಾಗುತ್ತದೆ. ಸಂಕ್ರಾಂತಿಗೆ ಬೇಯಿಸಿದ ಅವರೆ, ಆಮೇಲೆ ಹಿತಕಿದ ಬೇಳೆಯ ಸಾರು. ಆ ಒಂದೆರಡು ತಿಂಗಳು ಕೆಂಪಾಪುರದ ಆ ಬೀದಿಯಲ್ಲಿ ಹಾದುಹೋಗುವವರಿಗೆ ಯಾವ ಮನೆಯಲ್ಲಿ ಏನು ಅಡಿಗೆಯೆಂದು ವಿಚಾರಿಸುವ ಅಗತ್ಯವಿರುತ್ತಿರಲಿಲ್ಲ.

2023ರಲ್ಲಿ ಒಂದು ವಿಚಿತ್ರ ನಡೆಯಿತು. ಬಳ್ಳಿ ಎಂದಿಗಿಂತ ಸೊಂಪಾಗಿ ಹಬ್ಬಿತು; ಎಲೆಯ ಮೇಲೆ ಎಲೆ, ಚಪ್ಪರ ಮುಚ್ಚುವಷ್ಟು ಹಸಿರು. ದೀಪಾವಳಿ ಬಂದಿತು, ಕಾರ್ತಿಕ ಹುಟ್ಟಿತು, ಹೂವಿನ ಸುಳಿವಿಲ್ಲ. ನೀರಿನ ತೊಟ್ಟಿಯ ಮರೆಯಲ್ಲಿದ್ದ ಐದನೆಯ ಡ್ರಮ್ಮಿನ ಬಳ್ಳಿಯೊಂದು ಮಾತ್ರ ಎಂದಿನಂತೆ ಗೊನೆಗೊನೆಯಾಗಿ ಹೂತಿತ್ತು. ಆಕೆ ಗೊಬ್ಬರ ಹೆಚ್ಚಾಯಿತೆಂದರು, ಅಕ್ಕಪಕ್ಕದವರು ಕಣ್ಣುಬಿದ್ದಿತೆಂದರು. ಮಗನು ಅಂತರ್ಜಾಲದಲ್ಲಿ ಹುಡುಕಿ ಹತ್ತು ಕಾರಣ ಹೇಳಿದನು. ಹತ್ತು ಕಾರಣವೆಂದರೆ ಒಂದೂ ಇಲ್ಲವೆಂದೇ ಅರ್ಥ. ಬೀಜದ ಡಬ್ಬಿಯಲ್ಲಿ ಉಳಿದಿದ್ದುದು ಒಂದು ಹಿಡಿ, ಅದೂ ಹಿಂದಿನ ವರ್ಷದ್ದು. ಈ ವರ್ಷ ಕಾಯಿ ಬಲಿಯದಿದ್ದರೆ ಆ ಎರಡೆಕರೆಯ ಕೊನೆಯ ಗುರುತೂ ಅಳಿದಂತೆಯೇ.

ಅದೇ ನವೆಂಬರಿನಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೃಷಿಮೇಳ. ಅತ್ತೆಯ ಮುಖ ನೋಡಲಾರದೆ ಸೊಸೆ ರಜೆ ಹಾಕಿ ಕರೆದುಕೊಂಡು ಹೋದಳು. ಹೆಬ್ಬಾಳದ ಕೃಷಿವಿದ್ಯೆಯ ಚರಿತ್ರೆ ಚಿಕ್ಕದಲ್ಲ: 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 30 ಎಕರೆ ಕೊಟ್ಟು ಅಲ್ಲಿ ಪ್ರಯೋಗಕ್ಷೇತ್ರವನ್ನು ತೆರೆಸಿದರು, 1964ರಲ್ಲಿ ಅದೇ ನೆಲದಲ್ಲಿ ಕೃಷಿ ವಿಶ್ವವಿದ್ಯಾನಿಲಯ ತಲೆಯೆತ್ತಿತು. ಮೇಳದ ಮಳಿಗೆಯಲ್ಲಿ ನಿಂತಿದ್ದ ತರುಣ ವಿಜ್ಞಾನಿಯೊಬ್ಬನು ಹಿರಿಯಾಕೆಯ ದೂರನ್ನು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಹಾಕಿದನು.

“ಅಜ್ಜಿ, ನಿಮ್ಮ ಬೀದೀಲಿ ಹೊಸದಾಗಿ ದೀಪ ಏನಾದ್ರೂ ಹಾಕಿದಾರಾ?”

ಹಾಕಿದ್ದರು. ಹಳೆಯ ಮಂಕು ಹಳದಿ ದೀಪವನ್ನು ಇಳಿಸಿ, ಮಾಳಿಗೆಯ ಮಟ್ಟಕ್ಕೇ ಬೆಳ್ಳಗೆ ಬೆಳಗುವ ಎಲ್‌ಇಡಿ ದೀಪವನ್ನು ಮಳೆಗಾಲದಲ್ಲಿ ಏರಿಸಿದ್ದರು. ರಾತ್ರಿ ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡಬಹುದೆಂದು ಬೀದಿಯವರೆಲ್ಲ ಸಂತೋಷಪಟ್ಟಿದ್ದರು, ಹಿರಿಯಾಕೆಯೂ ಸೇರಿ.

ವಿಷಯ ಇಷ್ಟು. ನಾಡು ಅವರೆ ಹಗಲು ಕುಗ್ಗಿ ಇರುಳು ಬೆಳೆದಾಗ ಮಾತ್ರ ಹೂಬಿಡುವ ಸಸ್ಯ. ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕೆಯ ಇಬ್ಬರು ವಿಜ್ಞಾನಿಗಳು ಹೊಗೆಸೊಪ್ಪು ಮತ್ತು ಸೋಯಾ ಅವರೆಯ ಮೇಲೆ ಪ್ರಯೋಗ ನಡೆಸಿ, ಗಿಡಗಳು ಹಗಲಿನ ಅಳತೆ ನೋಡಿ ಹೂಬಿಡುವ ಸಂಗತಿಯನ್ನು 1920ರಲ್ಲಿ ಪ್ರಕಟಿಸಿದರು. ಗಿಡವು ನಿಜವಾಗಿ ಅಳೆಯುವುದು ಕತ್ತಲೆಯನ್ನೆಂದು ಆಮೇಲಿನವರು ತಿಳಿದರು. ಇರುಳಿನ ನಡುವೆ ಬೆಳಕು ಬಿದ್ದರೆ ಗಿಡದ ಲೆಕ್ಕ ತಪ್ಪಿ, ಇನ್ನೂ ದೀರ್ಘವಾದ ಹಗಲೇ ನಡೆಯುತ್ತಿದೆಯೆಂದು ಬಗೆದು ಎಲೆಯನ್ನೇ ಬೆಳೆಸುತ್ತ ಕೂರುತ್ತದೆ. ಹಳ್ಳಿಯ ಹೊಲದಲ್ಲಿ ಸೂರ್ಯ ಮುಳುಗಿದರೆ ಮುಳುಗಿದಂತೆಯೇ. ಕೆಂಪಾಪುರದಲ್ಲಿ ಅವನು ಮುಳುಗಿದ ಮರುಗಳಿಗೆಯೇ ಕಂಬದ ಮೇಲೆ ಏಳುತ್ತಾನೆ. ತೊಟ್ಟಿಯ ನೆರಳಿನಲ್ಲಿದ್ದ ಬಳ್ಳಿಯೊಂದಕ್ಕೇ ಇರುಳು ಸಿಕ್ಕಿತ್ತು.

ತರುಣನು ಒಂದು ಪರಿಹಾರವನ್ನೂ ಮುಂದಿಟ್ಟನು. ವಿಶ್ವವಿದ್ಯಾನಿಲಯದವರೇ ಬೆಳೆಸಿದ ‘ಹೆಬ್ಬಾಳ ಅವರೆ’ಯ ತಳಿಗಳಿಗೆ ಈ ಹಗಲಿರುಳಿನ ಗೊಡವೆಯಿಲ್ಲ, ಯಾವ ಕಾಲದಲ್ಲಿ ಬಿತ್ತಿದರೂ ಕುಳ್ಳಗೆ ಬೆಳೆದು ಕಾಯಿ ಬಿಡುತ್ತವೆ. ಬೇಸಗೆಯಲ್ಲಿಯೂ ಪೇಟೆಯಲ್ಲಿ ಅವರೆಕಾಯಿ ಸಿಗುವುದು ಇಂಥ ತಳಿಗಳ ಉಪಕಾರದಿಂದ. ರೈತನಿಗೆ ಇದರಿಂದ ಆಗಿರುವ ಲಾಭವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಹಿರಿಯಾಕೆ ಬೀಜದ ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿ, “ಸೊಗಡು ಇರತ್ತೇನಪ್ಪಾ?” ಎಂದರು. ಹುಡುಗನು ಪ್ರಾಮಾಣಿಕ. “ನಾಡು ಅವರೆಯಷ್ಟು ಇರಲ್ಲ ಅಜ್ಜಿ” ಎಂದನು. ಆಕೆ ಪೊಟ್ಟಣವನ್ನು ಕೊಂಡರು. ಆದರೆ ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಪೆಟ್ಟಿಗೆಯ ತಳದಿಂದ ಎರಡು ಕರಿ ಕಂಬಳಿಗಳನ್ನು ತೆಗೆದದ್ದು.

ಅಂದಿನಿಂದ ಒಂದೂವರೆ ತಿಂಗಳು ಆ ಮನೆಯಲ್ಲಿ ಒಂದು ಹೊಸ ಸಂಧ್ಯಾವಂದನೆ ನಡೆಯಿತು. ಸಂಜೆ ಆರೂಕಾಲಕ್ಕೆ ಅಜ್ಜಿ ಮೊಮ್ಮಗ ಇಬ್ಬರೂ ಮೇಲೇರಿ, ಬೀದಿಯ ಕಡೆಗೆ ಗಳುವಿಗೆ ಕಂಬಳಿ ಇಳಿಬಿಟ್ಟು ದೀಪವನ್ನು ಮರೆಮಾಡುವುದು. ಬೆಳಿಗ್ಗೆ ಸೊಸೆ ಕಾಫಿಯ ಲೋಟ ಹಿಡಿದು ಹೋಗಿ ಕಂಬಳಿ ಸರಿಸುವುದು. ಅಕ್ಕಪಕ್ಕದಲ್ಲಿ ನಾನಾ ಬಗೆಯ ಮಾತು ಹುಟ್ಟಿತು. ಮಾಳಿಗೆಯಲ್ಲಿ ಯಾವುದೋ ವ್ರತವೆಂದು ಒಬ್ಬರು, ಸಾಲಗಾರರ ಕಾಟವೆಂದು ಇನ್ನೊಬ್ಬರು. ಡಿಸೆಂಬರಿನ ಕೊನೆಗೆ ಮೊಗ್ಗು ಕಾಣಿಸಿತು. ಸಂಕ್ರಾಂತಿಗೆ ಕಾಯಿ ಬರಲಿಲ್ಲ, ಹೂವಷ್ಟೇ. ಆ ವರ್ಷದ ಹಬ್ಬಕ್ಕೆ ಅವರೆಕಾಯಿಯನ್ನು ಕೊಂಡು ತಂದರು. ಫೆಬ್ರವರಿಯಲ್ಲಿ ಮಾಳಿಗೆಯ ಬಳ್ಳಿ ಕಾಯಿ ತುಂಬಿತು. ಆಕೆ ಒಂದು ಕಾಯಿಯನ್ನೂ ಸಾರಿಗೆ ಬಿಡಿಸಲಿಲ್ಲ. ಎಲ್ಲವನ್ನೂ ಬಳ್ಳಿಯಲ್ಲಿಯೇ ಒಣಗಲು ಬಿಟ್ಟರು.

ಒಣಗಲು ಬಿಟ್ಟ ಕಾಲ ಎಂಥದು! 2024ರ ಆ ಬೇಸಗೆಯನ್ನು ಬೆಂಗಳೂರಿನವರು ಬೇಗ ಮರೆಯಲಾರರು. ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದವು; ಟ್ಯಾಂಕರಿನವರು ಕೇಳಿದ್ದೇ ಬೆಲೆಯಾಗಿ, ಕೊನೆಗೆ ಜಿಲ್ಲಾಡಳಿತವು 5 ಕಿಲೋಮೀಟರಿನ ಒಳಗೆ 6 ಸಾವಿರ ಲೀಟರಿಗೆ 600 ರೂಪಾಯಿಯೆಂದು ದರ ಕಟ್ಟಬೇಕಾಯಿತು. ಮಾರ್ಚಿಯಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ನಿಷೇಧಿಸಿ, ತಪ್ಪಿದವರಿಗೆ 5 ಸಾವಿರ ರೂಪಾಯಿ ದಂಡ ವಿಧಿಸಿತು. ಆ ಆಜ್ಞೆ ನ್ಯಾಯವಾದುದು. ಕೊಡ ಹಿಡಿದು ಸರದಿಯಲ್ಲಿ ನಿಂತವರ ಎದುರಿಗೆ ಗುಲಾಬಿಗೆ ಕಾವೇರಿ ಎರೆಯುವುದು ಸಭ್ಯತೆಯಲ್ಲ. ಆದರೆ ಮಾಳಿಗೆಯ ಗಿಡಗಳಿಗೆ ಆಜ್ಞೆ ಓದಲು ಬಾರದು. ಮಧ್ಯಾಹ್ನದ ಬಿಸಿಲಿಗೆ ಕುಂಡದ ಮಣ್ಣು ಕಾದು, ಸಂಜೆಯೊಳಗೆ ಎಲೆ ಜೋತುಬೀಳುತ್ತಿತ್ತು.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೆಲ್ಲ ಕೂಡಿಹಾಕಿದರೆ ದಿನಕ್ಕೆ ಎರಡು ಬಕೆಟ್ಟು. ಗಿಡಗಳು ಅರವತ್ತು. ಒಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲರೂ ಕುಳಿತು ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದೆಂದು ತೀರ್ಮಾನಿಸಬೇಕಾಯಿತು. ತುಳಸಿ, ಕರಿಬೇವು, ದೊಡ್ಡಪತ್ರೆಗಳ ವಿಷಯದಲ್ಲಿ ಚರ್ಚೆಯೇ ಇರಲಿಲ್ಲ. ದಂಟು, ಮೆಂತ್ಯಗಳನ್ನು ಬಿಡುವುದು ಸುಲಭ. ಮಳೆ ಬಂದರೆ ಮತ್ತೆ ಬಿತ್ತಬಹುದು.

“ಗುಲಾಬಿ ಬಿಟ್ಬಿಡೋಣ ಅತ್ತೆ” ಎಂದು ಸೊಸೆಯೇ ಹೇಳಿದಳು. “ಅವರೆ ಬೀಜ ಕಟ್ಟೋವರೆಗೂ ಅದಕ್ಕೆ ನೀರು ಬೇಕಲ್ಲ.”

ಹಿರಿಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರು ಬಿಡೋಣ. ಆ ಕೆಂಪುದು ಒಂದಿರಲಿ ಕಣಮ್ಮ, ನಾನು ಮುಖ ತೊಳ್ಕೊಂಡ ನೀರು ಸಾಕು ಅದಕ್ಕೆ” ಎಂದರು. ಮೊಮ್ಮಗನು ದಾಸವಾಳದ ಪರವಾಗಿ ವಕಾಲತ್ತು ವಹಿಸಿ ಸೋತನು.

ಮಾರ್ಚಿ ಮುಗಿಯುವ ಹೊತ್ತಿಗೆ ಬಳ್ಳಿ ಗರಗರ ಒಣಗಿ ನಿಂತಿತು. ಬಿಡಿಸಿ ಕೇರಿ ನೋಡಿದರೆ ಎರಡು ಪಾವು ಬೀಜ. ಬೂದಿ ಬೆರೆಸಿ ಡಬ್ಬಿಗೆ ತುಂಬಿಸಿದರು.

ಜೂನ್ 2ರಂದು ಆಕಾಶ ಹರಿದು ಬಿದ್ದಿತು. ಅಂದು ಬೆಂಗಳೂರಿನಲ್ಲಿ ಬಿದ್ದ ಮಳೆ 111 ಮಿಲಿಮೀಟರು. ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ ನೂರಕ್ಕೂ ಹೆಚ್ಚು ವರ್ಷಗಳಿಂದ ಬಂದಿರಲಿಲ್ಲ. ಸೊಸೆ ಕಿಟಕಿಯ ಬಳಿ ನಿಂತು ಲೆಕ್ಕ ಹಾಕಿದಳು: ಅಷ್ಟು ಮಳೆ ಮೂವತ್ತಕ್ಕೆ ನಲವತ್ತರ ಅಳತೆಯ ಮಾಳಿಗೆಯೊಂದರ ಮೇಲೆ ಬಿದ್ದರೆ 12 ಸಾವಿರ ಲೀಟರು, ಎರಡು ಟ್ಯಾಂಕರು. ಅದೆಲ್ಲವೂ ಕೊಳವೆಯಲ್ಲಿ ಇಳಿದು ಚರಂಡಿಯ ಪಾಲಾಗುತ್ತಿತ್ತು. ಹೊಸದಾಗಿ ಮನೆ ಕಟ್ಟುವವರು ಮಳೆನೀರನ್ನು ಹಿಡಿಯಲೇಬೇಕೆಂದು 2009ರಲ್ಲಿಯೇ ಕಾನೂನು ಬಂದಿದ್ದರೂ ಅದಕ್ಕಿಂತ ಮುಂಚಿನ ಈ ಚಿಕ್ಕ ಮನೆ ಅದರ ಹಿಡಿತಕ್ಕೆ ಸಿಕ್ಕಿರಲಿಲ್ಲ. ಆ ವಾರವೇ ಆಕೆ ಕೊಳಾಯಿ ಕೆಲಸದವನನ್ನು ಕರೆಸಿ, ಕೊಳವೆಯ ಬಾಯಿಗೆ ಜಾಲರಿ ಕಟ್ಟಿಸಿ, ಸಾವಿರ ಲೀಟರಿನ ಎರಡು ತೊಟ್ಟಿಗಳನ್ನು ಇಡಿಸಿದಳು. ಒಂದರ ಖರ್ಚು ಮಗನದು, ಇನ್ನೊಂದರದು ಹಿರಿಯಾಕೆಯ ವೃದ್ಧಾಪ್ಯ ವೇತನದ ಉಳಿತಾಯದ್ದು.

ಆಷಾಢದಲ್ಲಿ ಡ್ರಮ್ಮುಗಳನ್ನು ಬೀದಿಯ ಕಡೆಯಿಂದ ಸರಿಸಿ ಮೆಟ್ಟಿಲಕೋಣೆಯ ಹಿಂದಕ್ಕೆ, ಕತ್ತಲಿರುವ ಕಡೆಗೆ ಸಾಲಾಗಿ ಇಟ್ಟರು. ನಾಲ್ಕರಲ್ಲಿ ತವರಿನ ಅವರೆ. ಐದನೆಯದರಲ್ಲಿ, ದೀಪಕ್ಕೆ ಎದುರಾಗಿಯೇ, ಮೇಳದಿಂದ ತಂದ ಹೆಬ್ಬಾಳ ಅವರೆ. ಅದು ಎರಡೇ ತಿಂಗಳಿಗೆ ಹೂ ಬಿಟ್ಟಿತು. ಆ ಬೇಳೆಯ ಸಾರನ್ನು ಮನೆಯವರೆಲ್ಲರೂ ಚೆನ್ನಾಗಿದೆಯೆಂದು ಹೊಗಳಿದರು. ಹಿರಿಯಾಕೆ ಎರಡನೆಯ ಸಲವೂ ಬಡಿಸಿಕೊಂಡು, ಬೆರಳನ್ನು ಮೂಸಿ ನೋಡಿ, ಏನೂ ಹೇಳಲಿಲ್ಲ.